ಸೇಫ್ಟಿ ಗ್ಲಾಸಸ್, ಗಾಗಲ್ಸ್: ಸ್ಪ್ಯಾನಿಷ್‌ನಲ್ಲಿ ಏನು ಬರೆಯಬೇಕು?

ಪ್ರಶ್ನೆ: ಮೇಡಂ, ನಮಸ್ಕಾರ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಎಕ್ಸ್‌ಪೋರ್ಟ್ ನೋಡಿಕೊಳ್ಳುತ್ತೇನೆ. ಸೇಫ್ಟಿ ಗ್ಲಾಸಸ್, ಗಾಗಲ್ಸ್, ಫೇಸ್ ಶೀಲ್ಡ್ ಮಾಡುತ್ತೇವೆ. ಮೆಕ್ಸಿಕೊ, ಚಿಲಿ, ಸ್ಪೇನ್‌ಗೆ ಕಳಿಸುವ ಬಾಕ್ಸ್ ಮೇಲೆ ಸ್ಪ್ಯಾನಿಷ್ ಬೇಕಂತೆ. ಆ್ಯಪ್‌ನಲ್ಲಿ ಹಾಕಿದರೆ ಮೊದಲೆರಡಕ್ಕೂ ‘ಗಾಫಾಸ್ ದೆ ಸೆಗುರಿದಾದ್’ ಅಂತಲೇ ಬರುತ್ತದೆ. ಅದನ್ನೇ ಹಾಕಿಬಿಡಬಹುದಾ?

ಉತ್ತರ: ಹಾಕಬೇಡಿ ಸರ್. ಅವೆರಡೂ ಬೇರೆ ಬೇರೆ ಸಾಮಾನು. ಗ್ಲಾಸಸ್ ಅಂದರೆ ಕಿವಿಗೆ ಕಡ್ಡಿ ಸಿಕ್ಕಿಸುವ ಕನ್ನಡಕ. ಗಾಗಲ್ಸ್ ಕಣ್ಣಿನ ಸುತ್ತ ಮುಖಕ್ಕೆ ಒತ್ತಿ ಕೂರುತ್ತದೆ, ತಲೆಯ ಹಿಂದೆ ಎಲಾಸ್ಟಿಕ್ ಪಟ್ಟಿ ಇರುತ್ತದೆ. ಆಸಿಡ್ ಸಿಡಿಯುವ ಕಡೆ ಬರೀ ಕನ್ನಡಕ ಹಾಕಿಕೊಂಡು ನಿಂತರೆ ಸಂದಿಯಲ್ಲೇ ಒಳಗೆ ನುಗ್ಗುತ್ತದೆ. (ನಮ್ಮೂರಲ್ಲಿ ಗಾಗಲ್ಸ್ ಅಂದರೆ ಕೂಲಿಂಗ್ ಗ್ಲಾಸ್ ಅಲ್ವಾ, ಸದ್ಯಕ್ಕೆ ಅದನ್ನು ಮರೆತುಬಿಡಿ.)

ಮೆಕ್ಸಿಕೊದಲ್ಲಿ ಕನ್ನಡಕಕ್ಕೆ ‘ಲೆಂತೆಸ್ ದೆ ಸೆಗುರಿದಾದ್’. ಗಾಗಲ್ಸ್‌ಗೆ ಗಾಗಲ್ಸ್ ಅಂತಲೇ ಅನ್ನುತ್ತಾರೆ. ಅಲ್ಲಿನ ಸರ್ಕಾರಿ ನಿಯಮ ನೋಮ್-017 ಕೂಡ ಆ ಇಂಗ್ಲಿಷ್ ಪದವನ್ನೇ ಇಟ್ಟುಕೊಂಡಿದೆ. ಚಿಲಿಗೆ ಹೋಗುವ ಗಾಗಲ್ಸ್ ‘ಆಂತಿಪಾರ್ರಾಸ್’, ಕನ್ನಡಕ ‘ಲೆಂತೆಸ್’ ಅಥವಾ ‘ಆಂತೆಯೋಹೋಸ್’. ಸ್ಪೇನ್‌ನವರು ಮಾತ್ರ ಎರಡಕ್ಕೂ ‘ಗಾಫಾಸ್’ ಅನ್ನುತ್ತಾರೆ. ಆದರೆ ಕಣ್ಣಿನ ರಕ್ಷಣೆಯ ಸಾಮಾನಿಗಿರುವ ಇಎನ್ 166 ಅನ್ನುವ ಯುರೋಪಿನ ಮಾನದಂಡದ ಸ್ಪ್ಯಾನಿಷ್‌ನಲ್ಲಿ ಫ್ರೇಮ್ ನೋಡಿ ಹೆಸರಿಟ್ಟಿದ್ದಾರೆ: ಕನ್ನಡಕಕ್ಕೆ ‘ಮೊಂತೂರಾ ಉನಿವೆರ್ಸಾಲ್’, ಗಾಗಲ್ಸ್‌ಗೆ ‘ಮೊಂತೂರಾ ಇಂತೆಗ್ರಾಲ್’. ಉನಿವೆರ್ಸಾಲ್ ಅಂದ ಮಾತ್ರಕ್ಕೆ ಎಲ್ಲರಿಗೂ ಸೈಜ್ ಆಗುತ್ತದೆ ಅಂತಲ್ಲ, ಮಾಮೂಲಿ ಕನ್ನಡಕದ ಫ್ರೇಮ್ ಅಂತ ಅಷ್ಟೇ.

ಫೇಸ್ ಶೀಲ್ಡ್ ಸ್ಪೇನ್‌ನಲ್ಲಿ ‘ಪಂತಾಯಾ ಫಾಸಿಯಾಲ್’, ಮೆಕ್ಸಿಕೊದ ಅಂಗಡಿಯಲ್ಲಿ ‘ಕಾರೆತಾ’.

ಇನ್ನೊಬ್ಬರು: ನಮ್ಮ ಮಾಲು ಕೊಲಂಬಿಯಾಗೆ ಹೋಗುತ್ತದೆ ಮೇಡಂ. ಅಲ್ಲಿ?

ಉತ್ತರ: ಕನ್ನಡಕ ‘ಗಾಫಾಸ್’, ಗಾಗಲ್ಸ್ ‘ಮೊನೊಗಾಫಾಸ್’. ಎರಡು ಕಣ್ಣಿಗೂ ಸೇರಿ ಒಂದೇ ಗಾಜಿನ ಹಾಗೆ ಇರುತ್ತದಲ್ಲ, ಅದಕ್ಕೆ ಮೊನೊ. ನನಗೆ ಬಹಳ ಇಷ್ಟವಾದ ಪದ ಇದು.

ಪ್ರಶ್ನೆ: ಬಾಕ್ಸ್ ಮೇಲೆ ‘ಕ್ಲಿಯರ್ ಲೆನ್ಸ್, ಆ್ಯಂಟಿ ಫಾಗ್’ ಅಂತಲೂ ಇದೆ. ಅದಕ್ಕೆ?

ಉತ್ತರ: ಎಡವುವುದು ಇಲ್ಲೇ. ಮೆಕ್ಸಿಕೊದಲ್ಲಿ ‘ಲೆಂತೆಸ್’ ಅಂದರೆ ಇಡೀ ಕನ್ನಡಕ. ಅದರ ಗಾಜಿನ ಭಾಗಕ್ಕೆ ‘ಮೀಕಾ’ ಅನ್ನುತ್ತಾರೆ. ‘ಮೀಕಾ ಕ್ಲಾರಾ’ ಅಂತ ಬರೆಯಿರಿ. ಸ್ಪೇನ್‌ಗೆ ಆದರೆ ಆ ಇಎನ್ 166 ಮಾನದಂಡದಲ್ಲಿ ಅದೇ ‘ಒಕುಲಾರ್’. ಆವಿ ಹಿಡಿಯದ್ದಕ್ಕೆ ಸ್ಪೇನ್‌ನಲ್ಲಿ ‘ಆಂತಿಬಾಓ’, ಮೆಕ್ಸಿಕೊದಲ್ಲಿ ‘ಆಂತಿಯೆಂಪಾನ್ಯಾಂತೆ’. ಇನ್ನೊಂದು ಸಣ್ಣ ಕಿರಿಕಿರಿ: ಕನ್ನಡಕ ಅನ್ನುವ ಅರ್ಥದಲ್ಲಿ ‘ಲೆಂತೆಸ್’ ಪುಲ್ಲಿಂಗ. ಹಾಗಾಗಿ ‘ಲೆಂತೆಸ್ ಕ್ಲಾರೋಸ್’ ಆಗಬೇಕು, ‘ಕ್ಲಾರಾಸ್’ ಅಲ್ಲ.

ನಾನೂ ಒಮ್ಮೆ ಪೆಟ್ಟು ತಿಂದವಳೇ. ಅನುವಾದದ ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ಗ್ರಾಹಕರು ಬರೀ ಎಕ್ಸೆಲ್ ಶೀಟ್ ಕಳಿಸಿದ್ದರು, ಫೋಟೊ ಇರಲಿಲ್ಲ. ಒಂದು ಸಾಲಿನಲ್ಲಿ ‘ಸೇಫ್ಟಿ ಗ್ಲಾಸ್’ ಅಂತಿತ್ತು, ‘ಗ್ಲಾಸಸ್’ನ ಕೊನೆಯ ‘ಇ, ಎಸ್’ ಅಕ್ಷರ ಬಿಟ್ಟುಹೋಗಿತ್ತು. ನಾನು ನಿಯತ್ತಾಗಿ ‘ವಿದ್ರಿಯೋ ದೆ ಸೆಗುರಿದಾದ್’ ಅಂತ ಬರೆದುಕೊಟ್ಟೆ. ಅದು ಕಾರಿನ ಮುಂದಿನ ಗಾಜಿನಂಥದ್ದಕ್ಕೆ ಹೇಳುವ ಮಾತು! ಪ್ರಿಂಟ್‌ಗೆ ಹೋಗುವ ಮೊದಲು ಆ ಕಡೆಯವರ ಕಣ್ಣಿಗೆ ಬಿತ್ತು, ಬಚಾವಾದೆ. ಆಮೇಲಿಂದ ಫೋಟೊ ಇಲ್ಲದೆ ಒಂದು ಸಾಲೂ ಮುಟ್ಟುವುದಿಲ್ಲ.

ಪ್ರಶ್ನೆ: ಅಯ್ಯೋ! ಆದರೆ ನಮ್ಮ ಸಾಹೇಬರು ಮೂರು ದೇಶಕ್ಕೂ ಒಂದೇ ಬಾಕ್ಸ್ ಸಾಕು, ಸುಮ್ನೆ ಖರ್ಚು ಜಾಸ್ತಿ ಅನ್ನುತ್ತಾರೆ.

ಉತ್ತರ: ದೊಡ್ಡ ಅಕ್ಷರದಲ್ಲಿ ‘ಪ್ರೊತೆಕ್ಸಿಯೋನ್ ಒಕುಲಾರ್’ ಹಾಕಿ. ಕಣ್ಣಿನ ರಕ್ಷಣೆ ಅಂತ, ಎಲ್ಲ ಕಡೆಯೂ ಅರ್ಥವಾಗುತ್ತದೆ. ಕೆಳಗೆ, ನಡುವೆ ಓರೆಗೆರೆ ಹಾಕಿ ‘ಲೆಂತೆಸ್ / ಗಾಫಾಸ್ ದೆ ಸೆಗುರಿದಾದ್’. ಗಾಗಲ್ಸ್ ಬಾಕ್ಸ್‌ಗೆ ‘ಗಾಗಲ್ಸ್ / ಆಂತಿಪಾರ್ರಾಸ್ / ಗಾಫಾಸ್ ಇಂತೆಗ್ರಾಲೆಸ್’. ಪಕ್ಕದಲ್ಲಿ ಒಂದು ಚಿತ್ರ. ಫ್ರೇಮ್ ಮೇಲೆ ‘ಝಡ್87+’ ಅಂತ ಅಮೆರಿಕದ ಸುರಕ್ಷತಾ ಮಾನದಂಡದ ಗುರುತು ಇದ್ದರೆ ಅದನ್ನು ಮಾತ್ರ ಹಾಗೇ ಬಿಡಿ, ಅದಕ್ಕೆ ಅನುವಾದ ಬೇಡ.

ಪ್ರಶ್ನೆ: ಸರಿ ಮೇಡಂ. ಮೂರರದ್ದೂ ಫೋಟೊ ಸಂಜೆ ಕಳಿಸುತ್ತೇನೆ.

ಉತ್ತರ: ಪಕ್ಕದಿಂದ ತೆಗೆದದ್ದೂ ಒಂದಿರಲಿ. ಕಡ್ಡಿಯೋ ಪಟ್ಟಿಯೋ ಕಾಣಬೇಕು.