ಇಪ್ಪತ್ತೇಳಕ್ಕೇ ಎರಡನೇ ಬೆನ್ನಿನ ಆಪರೇಷನ್: ಮಾಡಿಸಲಾ, ಬೇಡವಾ?

ಪ್ರಶ್ನೆ:
ನನಗೆ 27 ವರ್ಷ. ಊರು ದಾವಣಗೆರೆ ಹತ್ತಿರ, ಬೆಂಗಳೂರಿನಲ್ಲಿ ಗೋಡೌನ್ ಸೂಪರ್‌ವೈಸರ್. ಒಂದೂವರೆ ವರ್ಷದ ಹಿಂದೆ ಎಲ್5-ಎಸ್1 ಡಿಸ್ಕ್ (ಸೊಂಟದ ತಳದಲ್ಲಿ ಮೂಳೆಗಳ ನಡುವಿನ ಮೆತ್ತೆ) ಆಪರೇಷನ್ ಆಯಿತು. ನಾಲ್ಕು ತಿಂಗಳು ಆರಾಮಾಗಿದ್ದೆ. ಆಮೇಲೆ ಎಡಗಾಲಿನ ಸೆಳೆತ ವಾಪಸ್ ಬಂತು. ಈಗ ಇಪ್ಪತ್ತು ನಿಮಿಷ ಕೂತರೆ ಎದ್ದೇಳಲು ಗೋಡೆ ಬೇಕು. ಒಬ್ಬ ಡಾಕ್ಟರು ಸ್ಕ್ರೂ, ರಾಡ್ ಹಾಕಿ ಫ್ಯೂಷನ್ ಮಾಡೋಣ, ಅಂದರೆ ಆ ಎರಡು ಮೂಳೆ ಒಂದಾಗಿ ಕೂಡುವಂತೆ ಮಾಡೋಣ ಅಂದರು. ಇನ್ನೊಬ್ಬರು ಇಷ್ಟು ಚಿಕ್ಕ ವಯಸ್ಸಿಗೆ ಬೇಡ, ಕಾಯಿರಿ ಅಂದರು. ಮನೆಯಲ್ಲಿ ಮದುವೆ ಮಾತು ಬೇರೆ. ಅನುಭವ ಇರುವವರು ದಯವಿಟ್ಟು ಹೇಳಿ.

ಶಿವಮೊಗ್ಗದಿಂದ ಒಬ್ಬ ಟೀಚರ್:
ಗೋಡೆ ಹಿಡಿದು ಏಳುವುದು ಅಂದಿರಲ್ಲ, ಅದನ್ನು ಓದುವಾಗ ನನ್ನ ಸೊಂಟವೂ ಒಮ್ಮೆ ಚುಳುಕ್ ಅಂತು. ನನ್ನದೂ ಅದೇ ಡಿಸ್ಕ್. ಆಪರೇಷನ್ ಆದಾಗ ನನಗೆ 26. ಎಂಟು ತಿಂಗಳಿಗೆ ನೋವು ತಿರುಗಿ ಬಂತು. ಎರಡನೇ ಆಪರೇಷನ್‌ಗೆ ದಿನ ಕೂಡ ಗೊತ್ತಾಗಿತ್ತು.

ತಡೆದಿದ್ದು ಒಂದು ಸ್ಕ್ಯಾನ್. ಮೊದಲು ತೆಗೆಸಿದ್ದು ಸಾದಾ ಎಂಆರ್‌ಐ. ಅದರಲ್ಲಿ ನರದ ಪಕ್ಕ ಬೂದು ಬಣ್ಣದ ಒಂದು ತುಣುಕು ಕಾಣುತ್ತಿತ್ತು, ಎಲ್ಲರೂ ಡಿಸ್ಕ್ ಮತ್ತೆ ಹೊರಗೆ ಬಂದಿದೆ ಅಂದುಕೊಂಡರು. ಇನ್ನೊಬ್ಬ ಡಾಕ್ಟರು ಕೈಗೆ ಕಾಂಟ್ರಾಸ್ಟ್ ಇಂಜೆಕ್ಷನ್ (ರಕ್ತದ ಜೊತೆ ಹರಿದು ಸ್ಕ್ಯಾನ್‌ನಲ್ಲಿ ಹೊಳೆಯುವ ಔಷಧಿ) ಕೊಡಿಸಿ ಮತ್ತೆ ತೆಗೆಸಿದರು. ಎರಡೂ ಫಿಲ್ಮ್ ಪಕ್ಕಪಕ್ಕ ಸಿಕ್ಕಿಸಿ ಪೆನ್ನಿನ ತುದಿಯಲ್ಲಿ ತೋರಿಸಿದರು. ಮೊದಲು ಬೂದಾಗಿದ್ದ ಜಾಗ ಈಗ ಬೆಳ್ಳಗೆ ಹೊಳೆಯುತ್ತಿತ್ತು. ಡಿಸ್ಕ್ ತುಣುಕಿಗೆ ರಕ್ತ ಹರಿಯುವುದಿಲ್ಲ, ಹಾಗಾಗಿ ಅದು ಕಪ್ಪಗೇ ಉಳಿಯುತ್ತದಂತೆ. ಹೊಳೆಯುವುದು ಗಾಯ ಮಾಗುವಾಗ ಬೆಳೆದ ನಾರು, ಸ್ಕಾರ್. "ಇದನ್ನ ಬಿಡಿಸಿದರೆ ಅದೇ ಜಾಗದಲ್ಲಿ ಮತ್ತೆ ಬೆಳೆಯುತ್ತಮ್ಮಾ" ಅಂದರು. ಅಷ್ಟೇ, ದಿನ ಕ್ಯಾನ್ಸಲ್.

ಬೇಡ ಅನ್ನುವುದು ಸುಲಭ, ಆಮೇಲಿನ ಎರಡು ವರ್ಷ ಸುಲಭವಿರಲಿಲ್ಲ. ಪ್ರಿಗಾಬಲಿನ್ ಮಾತ್ರೆಯಿಂದ ಕಾಲಿನ ಉರಿ ಇಳಿಯಿತು, ಆದರೆ ತಲೆಯೆಲ್ಲ ಮಂಕು. ಬೋರ್ಡಿನ ಮೇಲೆ ತಪ್ಪು ತಾರೀಖು ಬರೆದು ಏಳನೇ ಕ್ಲಾಸಿನ ಮಕ್ಕಳಿಂದ ನಗಿಸಿಕೊಂಡಿದ್ದೇನೆ. (ಆ ಮಾತ್ರೆಯನ್ನು ನಿಮ್ಮಷ್ಟಕ್ಕೆ ಒಮ್ಮೆಗೇ ನಿಲ್ಲಿಸಬೇಡಿ, ನಿಧಾನಕ್ಕೆ ಇಳಿಸಬೇಕು.) ಪೇಪರ್ ತಿದ್ದುವುದನ್ನು ಅಡುಗೆಮನೆ ಕಡಪ ಕಟ್ಟೆಗೆ ಬದಲಾಯಿಸಿದೆ. ಒಂದು ಕಡೆ ಮಿಕ್ಸಿ, ಇನ್ನೊಂದು ಕಡೆ ಉತ್ತರ ಪತ್ರಿಕೆ, ನಾನು ನಿಂತುಕೊಂಡೇ. ಫಿಸಿಯೋ ಮೇಡಂ ಮೊದಲ ತಿಂಗಳು ಉಸಿರಾಟ ಮತ್ತು ಹೊಟ್ಟೆ ಬಿಗಿ ಹಿಡಿಯುವುದು ಬಿಟ್ಟು ಏನೂ ಹೇಳಿಕೊಡಲಿಲ್ಲ. ಇದಕ್ಕೆ ದುಡ್ಡು ಬೇರೆ ಕೊಡಬೇಕಾ ಅನ್ನಿಸಿತ್ತು. ಈಗ ದಿನಾ ನಾಲ್ಕು ಕಿಲೋಮೀಟರ್ ನಡೆಯುತ್ತೇನೆ. ನೋವು ಹೋಗಿಲ್ಲ. ಮಳೆಗಾಲದ ಬೆಳಿಗ್ಗೆ ಜಾಸ್ತಿ ಅನ್ನಿಸುತ್ತೆ. ಆದರೆ ದಿನವೆಲ್ಲ ಅದರದ್ದೇ ಯೋಚನೆ ಇರುವುದಿಲ್ಲ.

ನಿಮಗೆ ನನ್ನದು ಒಂದೇ ಮಾತು. ಫ್ಯೂಷನ್ ಮಾಡೋಣ ಅಂದವರನ್ನು ಕೇಳಿ: "ಸಾರ್, ನನ್ನ ಕಾಲು ನೋವಿಗೆ ಕಾರಣ ಇದೇ ಅಂತ ಫಿಲ್ಮಿನಲ್ಲಿ ಬೆರಳಿಟ್ಟು ತೋರಿಸ್ತೀರಾ?" ತೋರಿಸಿದರೆ ಮುಂದಿನ ಮಾತು. ಬರೀ "ನೋವಿದೆಯಲ್ಲ, ಮಾಡಿ ನೋಡೋಣ" ಅಂದರೆ ಎದ್ದು ಬನ್ನಿ.

ಹುಬ್ಬಳ್ಳಿಯಿಂದ, ಮೆಡಿಕಲ್ ರೆಪ್:
ತಮ್ಮಾ, ಟೀಚರ್ ಹೇಳಿದ್ದು ಸರಿ, ಆದರೆ ನನ್ನ ಕಥೆ ಉಲ್ಟಾ. ನಾನು ಎರಡನೇ ಸಲ ಮಾಡಿಸಿದೆ, ಮಾಡಿಸಿದ್ದೇ ಒಳ್ಳೆಯದಾಯಿತು. ನನಗೆ ನೋವಿಗಿಂತ ಹೆದರಿಸಿದ್ದು ಚಪ್ಪಲಿ. ಬಲಗಾಲಿನ ಹವಾಯಿ ಚಪ್ಪಲಿ ದಾರಿಯಲ್ಲೇ ಕಳಚಿ ಹೋದರೂ ಗೊತ್ತಾಗುತ್ತಿರಲಿಲ್ಲ. ಹಿಮ್ಮಡಿ ಮೇಲೆ ನಿಲ್ಲಲು ಹೋದರೆ ಮುಂಗಾಲು ಮೇಲೇಳುತ್ತಲೇ ಇರಲಿಲ್ಲ. ಸ್ಕ್ಯಾನ್‌ನಲ್ಲಿ ಹೊಸ ತುಣುಕು ಸ್ಪಷ್ಟವಾಗಿ ಕಂಡಿತು. ಮತ್ತೆ ಅದನ್ನಷ್ಟೇ ತೆಗೆದರು, ಸ್ಕ್ರೂ ಗಿಕ್ರೂ ಏನೂ ಇಲ್ಲ. ಡಿಸ್ಕ್ ಮತ್ತೆ ಬಂತು ಅಂದ ಮಾತ್ರಕ್ಕೆ ರಾಡ್ ಹಾಕಲೇಬೇಕು ಅಂತಿಲ್ಲ, ಇದನ್ನು ಕೇಳಿಕೊ.

ಎರಡನೇ ಸಲ ಒಳಗೆಲ್ಲ ಅಂಟಿಕೊಂಡಿರುತ್ತದೆ. ನನಗೆ ನರದ ಮೇಲಿನ ಪೊರೆ ಸ್ವಲ್ಪ ಹರಿದು, ಹೊಲಿದು, ಎರಡು ದಿನ ಅಂಗಾತ ಮಲಗಿಸಿದ್ದರು. ಕಾಲು ನೋವು ಹೋಯಿತು. ಹೆಬ್ಬೆರಳಿಗೆ ಇನ್ನೂ ಪೂರ್ತಿ ಶಕ್ತಿ ಬಂದಿಲ್ಲ. ಬೇಗ ಹೋಗಿದ್ದರೆ ಬರುತ್ತಿತ್ತೇನೋ.

ಇನ್ನೊಂದು. ಮೊದಲ ಆಪರೇಷನ್‌ನ ಪೂರ್ತಿ ನೋಟ್ ಕೇಳಿ ತಗೋ. ಡಿಸ್‌ಚಾರ್ಜ್ ಸಮ್ಮರಿಯಲ್ಲಿ ಎರಡೇ ಸಾಲು ಇರುತ್ತೆ, ಬೇರೆ ಡಾಕ್ಟರಿಗೆ ಅದು ಸಾಲದು.

ದುಬೈನಿಂದ, ಊರು ಉಡುಪಿ:
ನಾನು ಫ್ಯೂಷನ್ ಆದವನು, 33ಕ್ಕೆ. ನನ್ನದು ಮೂಳೆ ಮುಂದಕ್ಕೆ ಜಾರಿದ ಕೇಸು. ಬಗ್ಗಿಸಿ ಒಂದು ಎಕ್ಸ್‌ರೇ, ಹಿಂದಕ್ಕೆ ಬಾಗಿಸಿ ಒಂದು ಎಕ್ಸ್‌ರೇ ತೆಗೆದಾಗ ಅಲ್ಲಾಡುವುದು ಕಂಡಿತ್ತು. ನಿಮಗೆ ಆ ಎಕ್ಸ್‌ರೇ ತೆಗೆದಿದ್ದಾರಾ? ಸಿಗರೇಟು ಬಿಡುವ ತನಕ ನನ್ನ ಸರ್ಜನ್ ತಾರೀಖೇ ಕೊಡಲಿಲ್ಲ, ಸೇದುವವರಿಗೆ ಮೂಳೆ ಸರಿಯಾಗಿ ಕೂಡುವುದಿಲ್ಲ ಅಂತ. ಆರು ವರ್ಷ ಚೆನ್ನಾಗಿತ್ತು. ಈಗ ಮೇಲಿನ ಡಿಸ್ಕ್ ತಕರಾರು ಶುರು ಮಾಡಿದೆ. ಒಂದು ಕೀಲು ಕಟ್ಟಿ ಹಾಕಿದರೆ ಪಕ್ಕದ್ದಕ್ಕೆ ಕೆಲಸ ಜಾಸ್ತಿ ಬೀಳುತ್ತದೆ. ನಿಮಗೆ 27, ಮುಂದೆ ಎಷ್ಟು ವರ್ಷ ಇದೆ ಅಂತ ಲೆಕ್ಕ ಹಾಕಿ. ಮದುವೆ ಮಾತು ಅದರ ಪಾಡಿಗೆ ಇರಲಿ, ಅದಕ್ಕೋಸ್ಕರ ಅವಸರ ಬೇಡ.

ಮೈಸೂರಿನಿಂದ, ನರ್ಸ್:
ಕಾಯುತ್ತೀರಿ ಅಂದರೆ ಇದು ನೆನಪಿರಲಿ. ಮೂತ್ರ ಕಟ್ಟಿದರೆ, ಗೊತ್ತಾಗದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲು ಆಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯಾದರೂ ಎಮರ್ಜೆನ್ಸಿಗೆ ಹೋಗಿ. ಮತ್ತೆ ಆಪರೇಷನ್ ಆದ ಬೆನ್ನನ್ನು ಎಳೆದು, ತುಳಿದು ಸರಿ ಮಾಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ. ಒಂದೇ ನರಕ್ಕೆ ಎಕ್ಸ್‌ರೇ ನೋಡುತ್ತಾ ಕೊಡುವ ಬ್ಲಾಕ್ ಇಂಜೆಕ್ಷನ್ ಬಗ್ಗೆಯೂ ಡಾಕ್ಟರನ್ನು ಕೇಳಿ. ಮರಗಟ್ಟಿಸುವ ಔಷಧಿ ಇರುವಷ್ಟು ಹೊತ್ತು ಕಾಲು ನೋವು ಮಾಯವಾದರೆ, ತಕರಾರು ಇರುವುದು ಆ ನರದಲ್ಲೇ ಅನ್ನುವುದಕ್ಕೆ ಒಳ್ಳೇ ಸುಳಿವು.

ಪ್ರಶ್ನೆ ಕೇಳಿದವನು:
ಎಲ್ಲರಿಗೂ ಥ್ಯಾಂಕ್ಸ್. ರಿಪೋರ್ಟ್ ತೆಗೆದು ನೋಡಿದೆ, ನನ್ನದು ಸಾದಾ ಎಂಆರ್‌ಐ. ಬಗ್ಗಿಸಿ ಎಕ್ಸ್‌ರೇಯೂ ತೆಗೆದಿಲ್ಲ. ಹಿಮ್ಮಡಿ ಮೇಲೆ ನಿಂತು ನೋಡಿದೆ, ಎರಡೂ ಪಾದ ಸಮ ಏಳುತ್ತವೆ. ಕಾಯಿರಿ ಅಂದಿದ್ದ ಡಾಕ್ಟರ ಹತ್ತಿರ ಇವತ್ತು ಕಾಂಟ್ರಾಸ್ಟ್ ಸ್ಕ್ಯಾನ್ ಬರೆಸಿಕೊಂಡು ಬಂದೆ. ಅದಕ್ಕೂ ಮೊದಲು ಕಿಡ್ನಿ ಸರಿಯಿದೆಯಾ ಅಂತ ರಕ್ತ ಪರೀಕ್ಷೆಯಂತೆ. ಗುರುವಾರ ಸ್ಕ್ಯಾನ್. ಟೀಚರ್, ಆ ಕಡಪ ಕಟ್ಟೆ ಉಪಾಯ ಮಾಡಿದೆ. ಇದನ್ನು ನಿಂತೇ ಟೈಪ್ ಮಾಡುತ್ತಿದ್ದೇನೆ, ಅಮ್ಮ ಪಕ್ಕದಲ್ಲಿ ಜಾಗ ಬಿಡು ಅಂತ ಬೈಯುತ್ತಿದ್ದಾರೆ.