ಅಕ್ರಾದ ಡೋಲು ನಿಷೇಧ: ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಚರ್ಚೆ

ದೊಡ್ಡಪ್ಪ (ಫಾರ್ವರ್ಡ್ ಮಾಡಿದ ಸಂದೇಶ): ಪಶ್ಚಿಮ ಆಫ್ರಿಕಾದ ಘಾನಾ ಸರ್ಕಾರವು ಶಬ್ದಮಾಲಿನ್ಯವನ್ನು ತಡೆಯುವುದಕ್ಕಾಗಿ ಪ್ರತಿವರ್ಷ ಒಂದು ತಿಂಗಳು ಇಡೀ ದೇಶದಲ್ಲಿ ಡೋಲು ಮತ್ತು ಧ್ವನಿವರ್ಧಕಗಳನ್ನು ನಿಷೇಧಿಸಿದೆ. ಚರ್ಚು, ಮಸೀದಿಗಳಿಗೂ ವಿನಾಯಿತಿ ಇಲ್ಲ. ನಾವು ಯಾವಾಗ ಕಲಿಯುವುದು?

ದೊಡ್ಡಪ್ಪ: ಇದನ್ನು ನಮ್ಮ ಬಡಾವಣೆಯ ಗಣೇಶೋತ್ಸವ ಸಮಿತಿಯವರಿಗೆ ಕಳುಹಿಸಬೇಕೆಂದಿದ್ದೇನೆ. ಮಗಳೇ, ನೀನು ಅಲ್ಲಿನ ರಾಜಧಾನಿ ಅಕ್ರಾದಲ್ಲಿಯೇ ಇರುವವಳು. ಇದು ನಿಜವೇ ಎಂದು ಒಂದು ಮಾತು ಹೇಳು.

ನಾನು: ದೊಡ್ಡಪ್ಪ, ನಿಷೇಧವಿರುವುದು ನಿಜ, ಆದರೆ ಈ ಸಂದೇಶದಲ್ಲಿ ಅದನ್ನು ಪಾಲಿಸುವ ಜನರೇ ಇಲ್ಲ. ಇದು ಇಡೀ ಘಾನಾದ ನಿಯಮವಲ್ಲ. ಕುಮಾಸಿಯ ಅಶಾಂತಿ ಜನರು ಆರು ವಾರಗಳಿಗೊಮ್ಮೆ ಆಚರಿಸುವ ಅಕ್ವಾಸಿಡೇಗೂ, ವಿನ್ನೆಬಾದವರು ಮೇ ತಿಂಗಳಲ್ಲಿ ಕಾಡುಜಿಂಕೆಯನ್ನು ಬರಿಗೈಯಲ್ಲಿ ಹಿಡಿದು ತರುವ ಅಬೋಆಚೆರ್ ಹಬ್ಬಕ್ಕೂ, ಆನ್ಲೋಗಾದವರ ನವೆಂಬರಿನ ಹೊಗ್ಬೆಟ್ಸೊಟ್ಸೊಗೂ ಇದಕ್ಕೂ ಸಂಬಂಧವಿಲ್ಲ. ಇದು ಅಕ್ರಾ ಮತ್ತು ಅದರ ಕರಾವಳಿಯ ಮೂಲನಿವಾಸಿಗಳಾದ ಗಾ ಜನರ ಹೊಮೊವೊ ಹಬ್ಬದ ಪೂರ್ವಭಾಗ. ಮೇ ತಿಂಗಳ ಸುಮಾರಿಗೆ ದಾಂತು ದೇವರ ಅರ್ಚಕರು ಮೊದಲು ಕಿರುಧಾನ್ಯವನ್ನು ಬಿತ್ತುತ್ತಾರೆ. ಅವರ ನಂತರ ಉಳಿದ ದೇವರುಗಳ ಅರ್ಚಕರು ತಮಗೆ ಗೊತ್ತಾದ ದಿನಗಳಲ್ಲಿ ಬಿತ್ತುತ್ತಾರೆ. ಬಿತ್ತನೆಯಾದ ಮೇಲೆ ಪೈರನ್ನು ಕಾಯುವ ದೈವಗಳಿಗೆ ನಿಶ್ಶಬ್ದ ಬೇಕೆಂಬ ನಂಬಿಕೆಯಿಂದ ಸುಮಾರು ಒಂದು ತಿಂಗಳು ಡೋಲು ಬಡಿಯುವುದನ್ನೂ ಗದ್ದಲ ಮಾಡುವುದನ್ನೂ ನಿಲ್ಲಿಸಲಾಗುತ್ತದೆ. ಗಾ ಮಾಶಿ, ಓಸು, ಲಾ, ಟೆಶಿ, ನುಂಗ್ವಾ, ಟೇಮಾ ಪಟ್ಟಣಗಳಿಗೆ ಬೇರೆ ಬೇರೆ ದಿನಗಳಿವೆ. ಮಹಾನಗರ ಸಭೆ ಪ್ರತಿವರ್ಷ ಹೊರಡಿಸುವ ಪ್ರಕಟಣೆಯು ಈ ಸಂಪ್ರದಾಯಕ್ಕೆ ಆಡಳಿತ ಕೊಡುವ ಬೆಂಬಲವೇ ಹೊರತು ಪರಿಸರ ಇಲಾಖೆಯ ಕ್ರಮವಲ್ಲ.

ಅತ್ತೆ: ಆ ತಿಂಗಳು ಕಳೆದ ಮೇಲೆ ಏನಾಗುತ್ತದೆ? ಹಬ್ಬವೆಂದ ಮೇಲೆ ಅಡುಗೆ ಇರಲೇಬೇಕಲ್ಲವೇ?

ನಾನು: ಅತ್ತೆ, ಈ ಹಬ್ಬದಲ್ಲಿ ಅಡುಗೆಯೇ ಮುಖ್ಯ. ಹಿಂದೆ ಭೀಕರ ಕ್ಷಾಮ ಬಂದಿತ್ತೆಂದೂ, ಮತ್ತೆ ಬೆಳೆ ಕೈಗೆ ಬಂದಾಗ ಜನರು ಹಸಿವನ್ನು ಹೀಯಾಳಿಸಿ ಹಬ್ಬ ಮಾಡಿದರೆಂದೂ ಗಾ ಹಿರಿಯರು ಹೇಳುತ್ತಾರೆ. ಮೆಕ್ಕೆಜೋಳದ ಹಿಟ್ಟನ್ನು ಹುಳಿ ಬರಿಸಿ, ಹಬೆಯಲ್ಲಿ ಬೇಯಿಸಿ, ಉದುರುದುರಾಗಿ ಮಾಡಿಕೊಂಡು ಅದಕ್ಕೆ ಕೆಂಪು ತಾಳೆ ಎಣ್ಣೆಯನ್ನೂ ಬೆಂಡೆಕಾಯಿಯನ್ನೂ ಕಲಸುತ್ತಾರೆ. ಇದೇ ಕ್ಪೊಕ್ಪೊಯಿ. ಜೊತೆಗೆ ತಾಳೆಹಣ್ಣಿನ ತಿರುಳಿನಿಂದ ಮಾಡಿದ, ಮೀನು ಹಾಕಿದ ಸಾರು. ಹಬ್ಬದ ದಿನ ಪಟ್ಟಣದ ಮುಖ್ಯಸ್ಥರು ಪರಿವಾರದೊಡನೆ ಬೀದಿಬೀದಿಗೆ ಹೋಗಿ ಈ ಕ್ಪೊಕ್ಪೊಯಿಯನ್ನು ಗತಿಸಿದವರಿಗೆಂದು ನೆಲದ ಮೇಲೆ ಎರಚುತ್ತಾರೆ. ಮುಖ್ಯಸ್ಥರು ಹಿಡಿತುಂಬ ತೆಗೆದು ಬಲಕ್ಕೂ ಎಡಕ್ಕೂ ಚೆಲ್ಲುವಾಗ ಕೆಂಪು ಎಣ್ಣೆ ಅವರ ಮಣಿಕಟ್ಟಿನವರೆಗೂ ಇಳಿದಿರುತ್ತದೆ, ಸುತ್ತಲಿನ ಡೋಲಿನ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಆಮೇಲೆ ಮೂಲಮನೆಯಲ್ಲಿ ಹಿರಿಯರು, ಕಿರಿಯರು ಒಂದೇ ಬೋಗುಣಿಗೆ ಕೈಹಾಕಿ ಉಣ್ಣುವುದು ರೂಢಿ. ಹಬ್ಬಕ್ಕಿಂತ ಮುಂಚಿನ ಗುರುವಾರ ಹಳ್ಳಿಗಳಲ್ಲಿ ನೆಲೆಸಿದ ಗಾ ಕುಟುಂಬಗಳು ಬೆಳೆ ಹೊತ್ತು ಊರಿಗೆ ಮರಳುತ್ತವೆ. ಶುಕ್ರವಾರ ಅವಳಿ ಮಕ್ಕಳ ಪೂಜೆ ನಡೆಯುತ್ತದೆ. ಹಬ್ಬದ ಮರುದಿನ ಮನೆಮನೆಗೆ ಹೋಗಿ ಆ ವರ್ಷ ತೀರಿಹೋದವರಿಗಾಗಿ ಅತ್ತು, ಮುನಿಸಿಕೊಂಡವರು ರಾಜಿಯಾಗಿ, ಪರಸ್ಪರ ಆಯುಸ್ಸು ಹಾರೈಸುತ್ತಾರೆ.

ಅಣ್ಣ: ಅಡುಗೆಯ ವಿಷಯ ಸರಿ, ಆದರೆ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ. ಅಕ್ರಾದಲ್ಲಿ ಎಲ್ಲ ಕಡೆಯಿಂದ ಬಂದವರೂ ಇದ್ದಾರೆ, ಅವರಲ್ಲಿ ಬಹುಪಾಲು ಕ್ರೈಸ್ತರು. ಒಂದು ಸಮುದಾಯದ ದೈವಕ್ಕೆ ನಿಶ್ಶಬ್ದ ಬೇಕೆಂದು ಇನ್ನೊಬ್ಬರು ತಮ್ಮ ಆರಾಧನೆಯ ವಾದ್ಯವನ್ನು ಏಕೆ ಕೆಳಗಿಡಬೇಕು? ವಕೀಲನಾಗಿ ನನಗೆ ಇದು ಧಾರ್ಮಿಕ ಸ್ವಾತಂತ್ರ್ಯದ ಮೇಲಿನ ನಿರ್ಬಂಧವಾಗಿಯೇ ಕಾಣುತ್ತದೆ.

ನಾನು: ಅಣ್ಣ, ನಿನ್ನ ಪ್ರಶ್ನೆಯನ್ನು ಅಕ್ರಾದವರೇ ಬಹಳ ಗಟ್ಟಿಯಾಗಿ ಕೇಳಿದ್ದಾರೆ. ಘಾನಾದ 1992ರ ಸಂವಿಧಾನದ 21ನೆಯ ವಿಧಿ ಯಾವುದೇ ಧರ್ಮವನ್ನು ಆಚರಿಸುವ ಸ್ವಾತಂತ್ರ್ಯವನ್ನು ಕೊಡುತ್ತದೆ. ಅದೇ ಸಂವಿಧಾನದ 26ನೆಯ ವಿಧಿ, ಇತರ ನಿಬಂಧನೆಗಳಿಗೆ ಒಳಪಟ್ಟು, ತಮ್ಮ ಸಂಸ್ಕೃತಿ ಮತ್ತು ಸಂಪ್ರದಾಯವನ್ನು ಉಳಿಸಿಕೊಳ್ಳುವ ಹಕ್ಕನ್ನೂ ಕೊಡುತ್ತದೆ, ಮನುಷ್ಯನ ಘನತೆಗೆ ಕುಂದು ತರುವ ಅಥವಾ ದೇಹ, ಮನಸ್ಸಿಗೆ ಹಾನಿ ಮಾಡುವ ಪದ್ಧತಿಗಳನ್ನು ಮಾತ್ರ ನಿಷೇಧಿಸುತ್ತದೆ. ಎರಡೂ ಕಡೆಯವರು ಒಂದೇ ಪುಸ್ತಕವನ್ನು ಹಿಡಿದು ನಿಂತಿದ್ದಾರೆ. ನಾನು ಗಾ ಜನರ ಕಡೆಗೆ ವಾಲುವುದಕ್ಕೆ ಕಾರಣ ನೆಲ. 1877ರಲ್ಲಿ ಬ್ರಿಟಿಷರು ಇಲ್ಲಿನ ತಮ್ಮ ವಸಾಹತಿನ ರಾಜಧಾನಿಯನ್ನು ಕೇಪ್ ಕೋಸ್ಟಿನಿಂದ ಅಕ್ರಾಕ್ಕೆ ತಂದರು. ಅಂದಿನಿಂದ ಗಾ ಜನರ ಹೊಲಗಳ ಮೇಲೆ ಕಚೇರಿ, ರಸ್ತೆ, ಬಡಾವಣೆಗಳು ಎದ್ದವು. ಈಗ ತಮ್ಮದೇ ಊರಿನಲ್ಲಿ ಅವರು ಅಲ್ಪಸಂಖ್ಯಾತರು, ಅರ್ಚಕರು ಬಿತ್ತುವ ಜಾಗವೂ ಸಾಂಕೇತಿಕವೆನ್ನುವಷ್ಟು ಕಿರಿದಾಗಿದೆ. ಹೊಲ ಹೋದ ಮೇಲೂ ಈ ಊರು ಯಾರದೆಂದು ಇಡೀ ನಗರಕ್ಕೆ ನೆನಪಿಸಲು ಅವರಿಗೆ ಉಳಿದಿರುವುದು ಈ ಒಂದು ತಿಂಗಳು. ಅದನ್ನು ಬಿಟ್ಟುಕೊಡಿ ಎಂದು ಹೊರಗಿನಿಂದ ಬಂದು ಬದುಕು ಕಟ್ಟಿಕೊಂಡ ನನ್ನಂಥವಳು ಹೇಳಲಾರೆ.

ಅಣ್ಣ: ಊರು ಯಾರದೆಂದು ನೆನಪಿಸಲು ಇನ್ನೊಬ್ಬರ ಪ್ರಾರ್ಥನಾಮಂದಿರಕ್ಕೆ ನುಗ್ಗಬೇಕೇ? ಅಲ್ಲಿ ಹಾಗೆ ನಡೆದದ್ದನ್ನು ನಾನು ಓದಿದ್ದೇನೆ.

ನಾನು: ನಡೆದಿದೆ. 1998ರಿಂದ ಕೆಲವು ವರ್ಷ ಗಾ ಯುವಕರ ಗುಂಪುಗಳು ಚರ್ಚುಗಳಿಗೆ ನುಗ್ಗಿ ವಾದ್ಯಗಳನ್ನು ಕಸಿದುಕೊಂಡವು, ಜನರಿಗೆ ಪೆಟ್ಟೂ ಆಯಿತು. ಅದನ್ನು ನಾನು ಸಮರ್ಥಿಸುವುದಿಲ್ಲ, ಹಸಿದವರನ್ನು ನೆನೆಯುವ ಹಬ್ಬಕ್ಕೆ ಅದು ಶೋಭೆಯೂ ಅಲ್ಲ. ಆಮೇಲೆ ಮಾತುಕತೆಗಳಾಗಿ ಒಂದು ಹೊಂದಾಣಿಕೆ ಬಂದಿದೆ. ಚರ್ಚು ಮತ್ತು ಮಸೀದಿಗಳು ಆರಾಧನೆಯನ್ನು ನಿಲ್ಲಿಸಬೇಕಾಗಿಲ್ಲ, ಸದ್ದು ತಮ್ಮ ಆವರಣದೊಳಗೆ ಇರುವಂತೆ ನೋಡಿಕೊಳ್ಳಬೇಕು, ಧ್ವನಿವರ್ಧಕವನ್ನು ಹೊರಗೆ ಇಡಬಾರದು, ರಸ್ತೆಬದಿಯ ಉಪದೇಶವನ್ನು ನಿಲ್ಲಿಸಬೇಕು. ಮೇಲ್ವಿಚಾರಣೆಗೆ ಮಹಾನಗರ ಸಭೆ, ಪೊಲೀಸರು ಮತ್ತು ಗಾ ಮುಖ್ಯಸ್ಥರ ಸಾಂಪ್ರದಾಯಿಕ ಮಂಡಳಿಯವರಿರುವ ಕಾರ್ಯಪಡೆ ಗುರುತಿನ ಚೀಟಿ ಧರಿಸಿ ಬರುತ್ತದೆ, ಬೇರೆ ಯಾರಿಗೂ ಆ ಅಧಿಕಾರವಿಲ್ಲ. ಗಾ ಜನರೂ ತಮ್ಮ ಶವಸಂಸ್ಕಾರದ ಮೇಳಗಳನ್ನು ಮುಂದೂಡುತ್ತಾರೆ ಎಂಬುದನ್ನು ಮರೆಯಬೇಡ. ಸಾವಿನ ಮನೆಯಲ್ಲಿ ಡೋಲಿಲ್ಲದೆ ಕಳುಹಿಸಿಕೊಡುವುದು ಇಲ್ಲಿಯವರಿಗೆ ಸಣ್ಣ ತ್ಯಾಗವಲ್ಲ.

ದೊಡ್ಡಪ್ಪ: ಇಷ್ಟಾದರೂ ಒಂದು ಜನಾಂಗ ಒಂದು ತಿಂಗಳು ಸುಮ್ಮನಿರಬಲ್ಲುದು ಎಂಬುದೇ ನನಗೆ ದೊಡ್ಡ ಮಾತಾಗಿ ತೋರುತ್ತದೆ. ಸಮಿತಿಯವರಿಗೆ ಹೇಳಲು ಅಷ್ಟು ಸಾಲದೇ?

ನಾನು: ದೊಡ್ಡಪ್ಪ, ಅದು ನಿಮ್ಮ ವಾದಕ್ಕೆ ನೆರವಾಗುವುದಿಲ್ಲ. ಗಾ ಮಾಶಿ ಎಂಬ ಹಳೆಯ ಅಕ್ರಾದ ಒಂದು ಭಾಗವಾದ ಗ್ಬೆಸೆಯ ಮುಖ್ಯಸ್ಥರು ಓಡಾಡಾಓ ಎಂಬ ವಿಧಿಯಲ್ಲಿ ಡೋಲು ಬಡಿದು ನಿಷೇಧವನ್ನು ತೆಗೆಯುತ್ತಾರೆ, ಅಂದಿನಿಂದ ಹಳೆಯ ಅಕ್ರಾದಲ್ಲಿ ಹಬ್ಬದ ಸಡಗರ ಏರುತ್ತಲೇ ಹೋಗುತ್ತದೆ. ಅವರ ಮೌನ ಬಿತ್ತನೆಗೆ, ಡೋಲು ಹಬ್ಬಕ್ಕೆ. ಹಬ್ಬದಲ್ಲಿ ಸದ್ದು ಬೇಡವೆನ್ನಲು ಅವರನ್ನು ಸಾಕ್ಷಿಗೆ ಕರೆದರೆ ಸಮಿತಿಯ ಹುಡುಗರು ಹೊಮೊವೊ ದಿನದ ವಿಡಿಯೊ ತೋರಿಸಿ ನಿಮ್ಮನ್ನೇ ಪ್ರಶ್ನಿಸುತ್ತಾರೆ.

ಅಣ್ಣ: ಗಣೇಶೋತ್ಸವಕ್ಕೆ ಘಾನಾ ಬೇಕಾಗಿಲ್ಲ, ದೊಡ್ಡಪ್ಪ. ನಮ್ಮ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳಿಗೆಂದು ರಾಜ್ಯ ಸರ್ಕಾರ ವರ್ಷದಲ್ಲಿ ಗರಿಷ್ಠ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು, ಅಷ್ಟೇ. ಅದನ್ನೇ ಸಮಿತಿಗೆ ಕೊಡಿ.

ದೊಡ್ಡಪ್ಪ: ಸರಿ, ಸಮಿತಿಗೆ ಆ ನಿಯಮವನ್ನೇ ಕೊಡುತ್ತೇನೆ. ಆದರೆ ಈ ಹಬ್ಬದ ಸಂಗತಿಯನ್ನು ನನ್ನ ಸ್ನೇಹಿತರು ತಿಳಿಯಬೇಕು. ಮಗಳೇ, ಮೇಲಿನ ಸಂದೇಶದ ಬದಲಿಗೆ ಗಾ ಜನರ ಹೆಸರು, ಬಿತ್ತನೆ, ಕ್ಷಾಮದ ಕಥೆ ಇರುವಂತೆ ನೀನೇ ಒಂದನ್ನು ಬರೆದುಕೊಡು.

ಅಣ್ಣ: ಅದರಲ್ಲಿ ಚರ್ಚುಗಳ ವಾದ್ಯ ಕಸಿದುಕೊಂಡ ವರ್ಷಗಳ ವಿಷಯವೂ ಇರಲಿ. ಅದನ್ನು ಬಿಟ್ಟರೆ ನಾನು ಮುಂದೆ ಯಾರಿಗೂ ಕಳುಹಿಸುವುದಿಲ್ಲ.

ನಾನು: ಇರುತ್ತದೆ ಅಣ್ಣ, 1877ರ ವಿಷಯವೂ ಅದರ ಪಕ್ಕದಲ್ಲೇ ಇರುತ್ತದೆ. ನಾಳೆ ಸಂಜೆಯೊಳಗೆ ಬರೆದು ಹಾಕುತ್ತೇನೆ.