ಸಹಾಯ ಬೇಕು: ಸಿಯಾಟಲ್ ಮಳೆಗೆ, ಸೀರೆ ಉಡುವ ಅಮ್ಮನಿಗೆ ಯಾವ ಜಾಕೆಟ್?

ಎಲ್ಲರಿಗೂ ನಮಸ್ಕಾರ. ನಾವು ಸಿಯಾಟಲ್‌ನಲ್ಲಿದ್ದೇವೆ. ನವೆಂಬರ್‌ನಲ್ಲಿ ಅಮ್ಮ ಮಂಗಳೂರಿನಿಂದ ಮತ್ತೆ ಬರುತ್ತಿದ್ದಾರೆ, ಮಾರ್ಚ್‌ವರೆಗೂ ಇರುತ್ತಾರೆ. ಉಡುವುದು ಸೀರೆ ಮಾತ್ರ. ಪ್ಯಾಂಟ್ ಹಾಕಿ ಅಂತ ಒತ್ತಾಯ ಮಾಡಲು ನನಗೆ ಇಷ್ಟವಿಲ್ಲ.

ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 950 ಮಿಲಿಮೀಟರ್ ಮಳೆ, ನಮ್ಮೂರಲ್ಲಿ ಜುಲೈ ಒಂದೇ ತಿಂಗಳಿಗೆ ಅಷ್ಟಾಗುತ್ತದೆ. ಆದರೆ ಇಲ್ಲಿನದು ದಿನಗಟ್ಟಲೆ ಜಿಟಿಜಿಟಿ, ಜೊತೆಗೆ ಹಗಲಲ್ಲೂ 8 ಡಿಗ್ರಿ ಆಸುಪಾಸಿನ ಚಳಿ. ಇಲ್ಲಿನವರು ಆಫೀಸಿಗೂ ಜೀನ್ಸ್, ಫ್ಲೀಸ್, ಮೇಲೊಂದು ಟೋಪಿ ಇರುವ ಮಳೆ ಜಾಕೆಟ್ ಹಾಕಿಕೊಂಡು ಕೊಡೆ ಇಲ್ಲದೆ ನಡೆದುಬಿಡುತ್ತಾರೆ. ಆ ಜಾಕೆಟ್‌ಗಳೆಲ್ಲ ಸೊಂಟದವರೆಗೆ ಅಷ್ಟೇ, ಸೀರೆಗೆ ಸಾಲುವುದಿಲ್ಲ ಅಲ್ವಾ?

ಹೋದ ಸಲ ಉಲ್ಲನ್ ಕೋಟು ಕೊಡಿಸಿದೆವು, ನೀರು ಹೀರಿ ಭಾರವಾಯಿತು. ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿದರೆ ಒಳಗೆಲ್ಲ ಬೆವರು. ನೆರಿಗೆ ಒದ್ದೆಯಾಗಿ ಕಾಲಿಗೆ ಅಂಟುತ್ತಿತ್ತು, ಕೊನೆಗೆ ಅಮ್ಮ ವಾಕಿಂಗೇ ಬಿಟ್ಟು ಸುಮ್ನೆ ಮನೆಯಲ್ಲಿ ಕೂತರು. ಅದು ನನಗೆ ಜಾಸ್ತಿ ಬೇಜಾರು.

ಈಗ ಗೊಂದಲ ಇರುವುದು ಜಾಕೆಟ್‌ನ ಉದ್ದದ ಬಗ್ಗೆ. ಮೊಣಕಾಲಿನವರೆಗಿನದು ತಗೊಂಡರೆ ನೆರಿಗೆ ನೆನೆಯುತ್ತದೆ, ಪಾದದವರೆಗಿನದಾದರೆ ಮೆಟ್ಟಿಲು ಹತ್ತುವಾಗ ಎಡವುವ ಭಯ. ಇಲ್ಲಿ ಸೀರೆ ಉಡುವ ಅಮ್ಮ, ಅತ್ತೆ ಇರುವವರು ಹೇಳಿ: ಯಾವ ಉದ್ದದ ಜಾಕೆಟ್ ಅನುಕೂಲವಾಯಿತು, ಕಾಲಿಗೆ ಯಾವ ಶೂ ಕೊಡಿಸಿದಿರಿ?